ತಲೆ ಕೊಟ್ಟ ಭಕ್ತ, ತಾಳಿಕೊಂಡ ಧಾನ್ಯ

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 1200ರ ಶಾಸನವೊಂದಿದೆ. ಅದು ಹೇಳುವುದು ಒಂದು ಪಂದ್ಯದ ಕಥೆ. ಶಿವನೇ ದೊಡ್ಡವನೆಂದು ಜೈನರೊಡನೆ ವಾದಕ್ಕಿಳಿದ ಏಕಾಂತದ ರಾಮಯ್ಯ, ತಾನು ಗೆದ್ದರೆ ಜಿನಬಿಂಬ ಕಿತ್ತು ಶಿವನನ್ನು ಸ್ಥಾಪಿಸಬೇಕೆಂದು ಓಲೆ ಬರೆಸಿಕೊಂಡು, ತನ್ನ ತಲೆಯನ್ನೇ ಕಡಿದು ಒಪ್ಪಿಸುತ್ತಾನೆ. ಏಳು ದಿನದ ಮೇಲೆ ತಲೆ ಮರಳಿ ಕೂಡುತ್ತದೆ. ಎದುರಾಳಿಗಳು ಮಾತಿಗೆ ತಪ್ಪಿದಾಗ ಕಾವಲಿನವರನ್ನು ಹೊಡೆದೋಡಿಸಿ ತಾನೇ ಬಿಂಬ ಒಡೆಯುತ್ತಾನೆ. ಅರಸ ಬಿಜ್ಜಳ ಜಯಪತ್ರ ಕೊಟ್ಟರೆ, ಹಾನಗಲ್ಲಿನ ಕದಂಬ ಕಾಮದೇವ ದತ್ತಿ ಬಿಡುತ್ತಾನೆ.

ತಲೆಯನ್ನೇ ಪಣಕ್ಕಿಟ್ಟು ಗೆಲ್ಲುವ ಈ ಗಂಡಸುತನಕ್ಕೆ ಓಲೆ ಬೇಕು, ನೋಡುವ ಮಂದಿ ಬೇಕು, ಸೋತವನೊಬ್ಬ ಬೇಕು, ಅರಸನ ಮುದ್ರೆಯೂ ಬೇಕು. ಸ್ವಂತ ಮೈ ಕೊಡುವ ಭಕ್ತಿ ಕೊನೆಗೆ ಇನ್ನೊಬ್ಬರ ದೇವರನ್ನು ಒಡೆಯುವ ಹಕ್ಕಾಗುತ್ತದೆ. ಜೈನರಲ್ಲೂ ವೀರತನವುಂಟು; ಉಣ್ಣದೆ, ಯಾರನ್ನೂ ನೋಯಿಸದೆ ದೇಹ ಬಿಟ್ಟವರಿಗೆ ಅವರು ನಿಸಿದಿಗಲ್ಲು ನಿಲ್ಲಿಸಿದರು. ಶಾಸನ ಬರೆದವನಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

16ನೇ ಶತಮಾನದಲ್ಲಿ ಇದೇ ಸೀಮೆಯ ಕನಕದಾಸರು ಇನ್ನೊಂದು ಪಂದ್ಯ ಹೂಡಿದರು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಅವರು ಕತ್ತಿ ಹಿಡಿದ ನಾಯಕರಾಗಿದ್ದು ಆಮೇಲೆ ಹರಿದಾಸರಾದರೆಂಬುದು ಪ್ರತೀತಿ. ‘ರಾಮಧಾನ್ಯ ಚರಿತೆ’ಯಲ್ಲಿ ಮೇಲಾರೆಂದು ಕಾದಾಡುವವರು ನರೆದಲಗನೆಂಬ ರಾಗಿ, ವ್ರಿಹಿಗನೆಂಬ ಭತ್ತ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಂದುತ್ತದೆ, ರಾಗಿ ತಾಳಿಕೊಳ್ಳುತ್ತದೆ. ಇಲ್ಲಿ ಯಾರ ತಲೆಯೂ ಉರುಳುವುದಿಲ್ಲ, ಯಾವ ಮೂರ್ತಿಯೂ ಒಡೆಯುವುದಿಲ್ಲ; ಸೋತವನನ್ನೂ ರಾಮ ಸಂತೈಸಿಯೇ ಕಳಿಸುತ್ತಾನೆ. ಬಲವೆಂದರೆ ಬರಗಾಲದಲ್ಲಿ ಬಡವನ ಹೊಟ್ಟೆಗೆ ಆಗುವುದು. ಕತ್ತಿ ಕೆಳಗಿಟ್ಟವನೇ ಹೇಳಬಹುದಾದ ಮಾತಿದು. ಕಾವ್ಯದ ದೊಡ್ಡತನವೂ ಇದರಲ್ಲೇ ಇದೆ.

ಆದರೆ ಜಗಳದ ಭರದಲ್ಲಿ ನರೆದಲಗ ಆಡುವ ಮಾತೊಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಳ್ಳವರ ಬೆನ್ನು ಹತ್ತುವವನೇ ಎಂದು ಭತ್ತವನ್ನು ಜರೆಯುವಾಗ, ಹೆಣದ ಬಾಯಿಗೆ ತುತ್ತಾಗುವವನು ಎಂಬುದರ ಜೊತೆಗೇ ಬಾಣಂತಿಗೆ, ರೋಗಿಗೆ ಪಥ್ಯವಾಗುವವನು ಎಂದೂ ಹಂಗಿಸುತ್ತಾನೆ. ಧಾನ್ಯಗಳ ಜಗಳದ ನೆಪದಲ್ಲಿ ಜಾತಿಯ ಹಮ್ಮನ್ನು ಮುರಿಯಲು ಹೊರಟ ಬಾಯಿ, ಹೆತ್ತವಳ ಆರೈಕೆಯನ್ನು ಹೀನಾಯದ ಪಟ್ಟಿಗೆ ಸೇರಿಸಿಬಿಟ್ಟಿತು. ಅದು ಪಾತ್ರದ ಮಾತು, ಕವಿಯದ್ದಲ್ಲ ಎನ್ನಬಹುದು. ಆದರೆ ಗೆದ್ದದ್ದು ಆ ಪಾತ್ರವೇ; ಆ ಮಾತನ್ನು ತಿದ್ದುವವರು ಕಾವ್ಯದಲ್ಲಿ ಯಾರೂ ಇಲ್ಲ.

ಧರ್ಮ ಗಂಡಸನ್ನು ಬೇರೆಯಾಗಿಯೂ ಪಳಗಿಸಿದೆ. ಶರಣರು ಲಿಂಗವೇ ಪತಿ, ತಾವು ಸತಿ ಎಂದುಕೊಂಡರು. ಸಂತಕವಿ ಶಿಶುನಾಳ ಷರೀಫರ ಸೀಮೆಯಲ್ಲಿ ಮೊಹರಂ ಬಂದರೆ, ದೂರದ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಹಿಂದೂ ಮುಸ್ಲಿಂ ಗಂಡಸರು ಕೂಡಿಯೇ ಶೋಕದ ಪದ ಹಾಡುತ್ತಾರೆ. ಅಳುವುದು ಅಲ್ಲಿ ಕುಂದಲ್ಲ.

ಕನಕ ಜಯಂತಿಯ ವೇದಿಕೆಗಳಲ್ಲಿ ರಾಗಿಯ ಗೆಲುವನ್ನು ಕೊಂಡಾಡುವವರು ಆ ಬೈಗುಳದ ಪದ್ಯವನ್ನೂ ಓದಲಿ. ರಾಮಯ್ಯನಿಂದ ನರೆದಲಗನವರೆಗೆ ನಮ್ಮ ಗಂಡಸು ಬಹಳ ದೂರ ಬಂದಿದ್ದಾನೆ, ನಿಜ. ಬಾಣಂತಿಗೆ ಗಂಜಿ ಕಾಸುವುದನ್ನೂ ಸತ್ವವೆಂದು ಒಪ್ಪುವುದಷ್ಟೇ ಬಾಕಿ.