ಮಾದರಿಪರಿವರ್ತನೆಯ ಭಾಷೆಯಲ್ಲಿ ಆವೃತ್ತಿವಿಚಾರ

ಗಣಕಶಾಸ್ತ್ರದಲ್ಲಿ ವಸ್ತುಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ನಿಯತವಾಗಿ ನಿರೂಪಿಸಿದ ರಚನೆಗೆ ‘ಮಾದರಿ’ ಎಂದೂ, ಒಂದು ಮಾದರಿಯಿಂದ ಮತ್ತೊಂದನ್ನು ಪಡೆಯುವ ಕ್ರಿಯೆಗೆ ‘ಮಾದರಿಪರಿವರ್ತನೆ’ ಎಂದೂ ಹೇಳಬಹುದು. ಈ ಕಾರ್ಯಕ್ಕೆ ಉಪಯುಕ್ತವಾದ ಭಾಷೆಗಳಲ್ಲಿ ‘ಎಪ್ಸಿಲಾನ್ ಆಬ್ಜೆಕ್ಟ್ ಲ್ಯಾಂಗ್ವೇಜ್’ ಎಂಬುದೊಂದು. ಯಾರ್ಕ್ ವಿಶ್ವವಿದ್ಯಾನಿಲಯದ ಕೊಲೋವೊಸ್, ಪೇಜ್, ಪೊಲ್ಯಾಕ್ ಎಂಬ ವಿದ್ವಾಂಸರು ೨೦೦೬ರಲ್ಲಿ ಇದನ್ನು ವಿವರಿಸಿದರು. ‘ಓಸಿಎಲ್’ ಭಾಷೆಯಿಂದ ಬಂದ ‘ಸೆಲೆಕ್ಟ್’, ‘ಕಲೆಕ್ಟ್’ ಮೊದಲಾದ ಇಟರೇಟರುಗಳೂ, ‘ಫಾರ್’, ‘ವೈಲ್’ ಎಂಬ ಲೂಪುಗಳೂ ಇದರಲ್ಲಿ ಒಟ್ಟಿಗೆ ಇರುವುವು. ಇವುಗಳ ಪ್ರಯೋಗದಲ್ಲಿ ಯಾವುದು ಸಾಧು, ಯಾವುದು ದುಷ್ಟ ಎಂಬುದೇ ಇಲ್ಲಿಯ ವಿಚಾರ.

ಕೊಪ್ಪಳ ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಇದಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದುವು. ಇವುಗಳ ಗ್ರಾಮಗಳನ್ನು ಕೋಷ್ಟಕಕ್ಕೆ ಪರಿವರ್ತಿಸುವವನು ನಾಲ್ಕು ಹೆಸರುಗಳನ್ನೂ ತಾನೇ ಬರೆದು ನಾಲ್ಕು ಸಲ ವಿಧಿಯನ್ನು ಹೇಳಿದನೆನ್ನೋಣ. ಅನಂತರ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ, ಕನಕಗಿರಿ ಎಂಬ ತಾಲ್ಲೂಕುಗಳು ಹುಟ್ಟಿ ಸಂಖ್ಯೆಯು ಏಳಾಯಿತು. ಆ ವಿಧಿಯು ಹೊಸ ಮೂರರಲ್ಲಿ ಪ್ರವರ್ತಿಸದು. ಗಣಕವು ದೋಷವನ್ನೂ ತೋರಿಸದು. ಕಾರಟಗಿಯ ಗ್ರಾಮಗಳು ಮಾತ್ರ ಕೋಷ್ಟಕದಿಂದ ಜಾರಿಹೋಗುವುವು. ಇದು ಅವ್ಯಾಪ್ತಿ.

ಇದಕ್ಕೆ ಹೆದರಿ ‘ತಾಲೂಕ್.ಆಲ್’ ಎಂದು ಬರೆದರೆ, ಮಾದರಿಯಲ್ಲಿರುವ ತಾಲ್ಲೂಕುಗಳೆಲ್ಲವೂ ಬರುವುವು. ಮಾದರಿಯು ರಾಯಚೂರನ್ನೂ ಒಳಗೊಂಡಿದ್ದರೆ ಲಿಂಗಸುಗೂರೂ ಕೊಪ್ಪಳದ ಕೋಷ್ಟಕವನ್ನು ಸೇರುವುದು. ಇದು ಅತಿವ್ಯಾಪ್ತಿ. ಜಿಲ್ಲೆಯೆಂಬ ವಸ್ತುವನ್ನು ಹಿಡಿದು, ಅದಕ್ಕೆ ಸಂಬಂಧಿಸಿದ ತಾಲ್ಲೂಕುಗಳಲ್ಲಿ ಮಾತ್ರ ‘ಫಾರ್’ ಸುತ್ತುವಂತೆ ಬರೆದರೆ ಎರಡು ದೋಷಗಳೂ ಪರಿಹೃತವಾಗುವುವು. ಆಗ ಆವೃತ್ತಿಯ ಮೇರೆಯನ್ನು ಹೇಳುವುದು ಲೇಖಕನ ನೆನಪಲ್ಲ, ಮಾದರಿಯೇ.

ಹಾಗಾದರೆ ‘ವೈಲ್’ ವ್ಯರ್ಥವೇ ಎಂದರೆ, ಅಲ್ಲ. ಛಂದಶ್ಶಾಸ್ತ್ರದ ಪ್ರಸ್ತಾರವನ್ನು ನೋಡಿರಿ. ಸರ್ವಗುರುವಿನಿಂದ ಆರಂಭಿಸಿ, ಮೊದಲ ಗುರುವಿನ ಕೆಳಗೆ ಲಘುವನ್ನಿಟ್ಟು, ಬಲಕ್ಕೆ ಮೇಲಿನಂತೆಯೇ ಬರೆದು, ಎಡಕ್ಕೆ ಗುರುಗಳನ್ನು ತುಂಬಬೇಕು. ಸರ್ವಲಘು ಬಂದಲ್ಲಿ ನಿಲ್ಲಬೇಕು. ಮೂರಕ್ಷರಕ್ಕೆ ಎಂಟು ಸಾಲುಗಳು. ಇಲ್ಲಿ ಸುತ್ತತಕ್ಕ ಸಮೂಹವು ಮೊದಲೇ ಸಿದ್ಧವಾಗಿಲ್ಲ. ಹಿಂದಿನ ಸಾಲೇ ಮುಂದಿನದಕ್ಕೆ ಕಾರಣ. ಇಂತಹ ಕಡೆ ‘ವೈಲ್’ ಉಚಿತವೇ. ಆದರೆ ಪ್ರಸ್ತಾರಕಾರರು ಕೊನೆಯನ್ನು ಸ್ಪಷ್ಟವಾಗಿ ಹೇಳಿದರೆಂಬುದನ್ನು ಮರೆಯಲಾಗದು. ಗ್ರಾಮದಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕಿಗೆ ‘ಮೇಲಿನ ಘಟಕವಿರುವ ತನಕ’ ಏರುವ ಲೂಪಿನಲ್ಲಿ, ಒಂದು ಹೋಬಳಿಯ ಮೇಲಿನ ಘಟಕವಾಗಿ ಅದರದೇ ಗ್ರಾಮವು ತಪ್ಪಾಗಿ ದಾಖಲಾಗಿದ್ದರೆ ಏರುವಿಕೆಗೆ ಕೊನೆಯೇ ಇಲ್ಲ. ಇದು ಅನವಸ್ಥೆ.

ಇನ್ನು ಈ ಭಾಷೆಯ ಗುಣದೋಷ. ‘ಓಸಿಎಲ್’ ಮಾದರಿಯನ್ನು ಪ್ರಶ್ನಿಸಬಲ್ಲುದೇ ಹೊರತು ಬದಲಿಸಲಾರದು. ಈ ಭಾಷೆಯು ಬದಲಿಸಬಲ್ಲುದು. ಇದೇ ಇದರ ಗುಣ, ಇದೇ ಇದರ ಅಪಾಯ. ‘ಸೆಲೆಕ್ಟ್’ ಮೂಲಸಮೂಹವನ್ನು ಮುಟ್ಟದೆ ಬೇರೊಂದು ಸಮೂಹವನ್ನು ಕೊಡುತ್ತದೆ. ಲೂಪಾದರೋ ತಾನು ಸುತ್ತುತ್ತಿರುವುದನ್ನೇ ತಿದ್ದಲು ಎಡೆಗೊಡಬಹುದು. ಆದುದರಿಂದ ಆರಿಸುವುದಕ್ಕೆ ಇಟರೇಟರನ್ನೂ, ಆರಿಸಿದುದರ ಮೇಲೆ ಕಾರ್ಯಮಾಡುವುದಕ್ಕೆ ‘ಫಾರ್’ ಲೂಪನ್ನೂ, ಅಂತ್ಯವು ನಿಶ್ಚಿತವಾದಲ್ಲಿ ಮಾತ್ರ ‘ವೈಲ್’ ಲೂಪನ್ನೂ ಬಳಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಲಕ್ಷ್ಯವನ್ನು ಬಿಡದೆ, ಮೀರದೆ, ಮುಗಿಯುವ ಆವೃತ್ತಿಯೇ ಸಾಧುವಾದುದು.