ತಿಪ್ಪೆಯ ಮೇಲೆ ಕೂತ ಗುರು

ಕಪ್ಪಡಿ ಜಾತ್ರೆಯಲ್ಲಿ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ ಶ್ರುತಿ ಹಿಡಿಯಿತೆಂದರೆ ಕೋಳಿ ಕೂಗುವವರೆಗೆ ಬಿಡುವಿಲ್ಲ. ಕೆ.ಆರ್. ನಗರ ತಾಲ್ಲೂಕಿನ ಈ ಕಾವೇರಿ ದಂಡೆಗೆ ಶಿವರಾತ್ರಿ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಒಕ್ಕಲುಗಳೂ ಬರುತ್ತವೆ. ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ, ಚೆನ್ನಾಜಮ್ಮರ ಗದ್ದುಗೆಗೆ ಕೈಮುಗಿದು ಬಯಲಲ್ಲೇ ಒಲೆ ಹೂಡುತ್ತವೆ. ಆ ಕಾವ್ಯದ ಕಲ್ಯಾಣ ಪಟ್ಟಣದ ಸಾಲನ್ನು (ಭಾಗವನ್ನು) ಅಲ್ಲಿ ಕೇಳಿದಾಗ ಜನ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಧರ್ಮವನ್ನು ಲೇವಡಿ ಮಾಡುವ ಟಿ.ವಿ. ಕಾರ್ಯಕ್ರಮಗಳ ಮಾತು ಬಂದಾಗಲೆಲ್ಲ ನನಗೆ ಅಳತೆಗೋಲು ಆ ನಗುವೇ.

ಕಾವ್ಯದ ಪ್ರಕಾರ ಬಸವಣ್ಣನ ಕಲ್ಯಾಣದಲ್ಲಿ 1,96,000 ಜಂಗಮರು. ಅವರಲ್ಲಿ ದಿಟದ ಶರಣರೆಷ್ಟು ಎಂದು ನೋಡಲು ಮಂಟೇಸ್ವಾಮಿ ಬರುತ್ತಾರೆ. ಮೈಯೆಲ್ಲ ಕೀವು ಸುರಿಯುವ ಹುಣ್ಣು, ಜೊತೆಗೆ ಸತ್ತ ಕರು, ಹೆಂಡ. ಬಾಗಿಲಲ್ಲೇ ಅವರನ್ನು ತಡೆಯುತ್ತಾರೆ, ಜಗದ ಗುರು ತಿಪ್ಪೆಯ ಮೇಲೆ ಕೂರುತ್ತಾರೆ. ವಿಭೂತಿ ಬಳಿದವರು ನಾತಕ್ಕೆ ಮೂಗು ಮುಚ್ಚಿ ಓಡುವುದನ್ನು ಕಥೆ ಹೇಳುವವನು ದನಿ ಬದಲಿಸಿ, ಕತ್ತು ತಿರುಗಿಸಿ ಹೇಳುವಾಗ ಮುದುಕಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕೊನೆಗೆ ನಿಲ್ಲುವವರು ಬಸವಣ್ಣ, ನೀಲಮ್ಮ. ಆಗ ನಗು ತಾನಾಗಿ ಅಡಗುತ್ತದೆ.

ಟಿ.ವಿ.ಯ ನಗುವನ್ನು ಈ ನಗುವಿನ ಪಕ್ಕ ಇಟ್ಟು ನೋಡೋಣ. ಅಮೆರಿಕದ ‘ಸೌತ್ ಪಾರ್ಕ್’ ಕಾರ್ಟೂನ್ ಧಾರಾವಾಹಿ 2005ರ ನವೆಂಬರ್‌ನಲ್ಲಿ ಸೈಂಟಾಲಜಿ ಪಂಥವನ್ನು ಕೈಗೆತ್ತಿಕೊಂಡಿತು. ದುಡ್ಡು ತೆತ್ತು ಮೇಲಿನ ಮೆಟ್ಟಿಲು ಹತ್ತಿದವರಿಗಷ್ಟೇ ಹೇಳುತ್ತಿದ್ದ ಅನ್ಯಗ್ರಹಗಳ ದೊರೆಯ ಕಥೆಯನ್ನು ಎಲ್ಲರೆದುರು ಬಿಚ್ಚಿಟ್ಟು, ಇವರು ನಿಜವಾಗಿ ನಂಬುವುದು ಇದನ್ನೇ ಎಂದು ತೆರೆಯ ಮೇಲೆ ಬರೆಯಿತು. ಗುಟ್ಟು ಮಾರುವವರ ಗುಟ್ಟು ಒಡೆದ ಆ ಭಾಗ ಒಳ್ಳೆಯ ವಿಡಂಬನೆ. ನಟ ಟಾಮ್ ಕ್ರೂಸ್ ಅವರ ಖಾಸಗಿ ಬದುಕನ್ನು ಎಳೆದಾಡಿದ್ದು ಮಾತ್ರ ಅಗ್ಗದ ಕೆಲಸ. ಮೊಕದ್ದಮೆಗೆ ಸವಾಲೆಸೆಯುವಂತೆ ಕೊನೆಯ ಹೆಸರುಪಟ್ಟಿಯಲ್ಲಿ ಎಲ್ಲರೂ ಜಾನ್ ಸ್ಮಿತ್, ಜೇನ್ ಸ್ಮಿತ್ ಆದರು. 2006ರ ಮಾರ್ಚ್‌ನಲ್ಲಿ, ಆ ಪಂಥದವರೇ ಆಗಿದ್ದ ದನಿಕಲಾವಿದ ಐಸಾಕ್ ಹೇಯ್ಸ್ ಧಾರಾವಾಹಿಯಿಂದ ಹೊರಬಂದರು, ಮರುಪ್ರಸಾರವೂ ನಿಂತಿತು. ನಮ್ಮ ದೇಶದಲ್ಲಿ ಬೆಲೆ ಇನ್ನೂ ಹೆಚ್ಚು. ದೇವಮಾನವ ಎನಿಸಿಕೊಂಡಿದ್ದ ಗುರ್ಮೀತ್ ರಾಮ್ ರಹೀಮನನ್ನು ಟಿ.ವಿ.ಯಲ್ಲಿ ಅಣಕಿಸಿದ್ದಕ್ಕೆ ಹಾಸ್ಯನಟ ಕೀಕು ಶಾರದಾ 2016ರ ಜನವರಿಯಲ್ಲಿ ಬಂಧನಕ್ಕೊಳಗಾದರು. ಮರುವರ್ಷ ಅದೇ ಬಾಬಾ ಅತ್ಯಾಚಾರದ ಅಪರಾಧಿಯೆಂದು ನ್ಯಾಯಾಲಯ ಹೇಳಿತು.

ಹಾಗಾದರೆ ನೀಲಗಾರರನ್ನು ಯಾರೂ ಏಕೆ ತಡೆಯಲಿಲ್ಲ? ಅದೇ ಕಲ್ಯಾಣದ ಕಥೆಯನ್ನು ಪಿ.ವಿ. ನಾರಾಯಣ ‘ಧರ್ಮಕಾರಣ’ ಕಾದಂಬರಿಯಾಗಿ ಬರೆದಾಗ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಲೇಖಕ ಬರಗೂರು ರಾಮಚಂದ್ರಪ್ಪ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ನಿಷೇಧವೇ ಗಟ್ಟಿಯಾಯಿತು. ಹಾಡು ಉಳಿಯಲು ನನಗೆ ಎರಡು ಕಾರಣ ಕಾಣುತ್ತವೆ. ನೀಲಗಾರ ದೀಕ್ಷೆ ಪಡೆದವನು. ಹೊರಗೆ ನಿಂತು ಕಲ್ಲೆಸೆಯುವವನಲ್ಲ. ಅವನ ನಗು ಬಸವಣ್ಣನನ್ನು ಸುಟ್ಟು ಬೂದಿ ಮಾಡುವುದಿಲ್ಲ, ಪುಟಕ್ಕಿಟ್ಟು ತೆಗೆಯುತ್ತದೆ. ಎರಡನೆಯದು ನೋವಿನ ಕಾರಣ: ಪುಸ್ತಕ ಓದಿ ಕೆರಳುವ ಜನ ಈ ಹಾಡು ಕೇಳಲು ಬರುವುದಿಲ್ಲ. ಹೊಲೆಯರು, ಮಾದಿಗರು, ಹಿಂದುಳಿದ ಒಕ್ಕಲುಗಳು ರಾತ್ರಿಯೆಲ್ಲ ಏನು ಹಾಡಿಕೊಳ್ಳುತ್ತಾರೆ ಎಂಬುದನ್ನು ಆ ಕೆರಳುವವರು ಲೆಕ್ಕಕ್ಕೇ ಹಿಡಿದಿಲ್ಲ.

ಕಾವ್ಯವೆಲ್ಲ ಒಂದೇ ಎತ್ತರದಲ್ಲಿ ಇಲ್ಲ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಲು ಹೋಗುವ ಹಲಗೂರಿನ ಸಾಲಿನಲ್ಲಿ ವ್ಯಂಗ್ಯ ಪಾಂಚಾಳರ (ಆಚಾರಿಗಳ) ಕುಲದ ಮೇಲೇ ಬೀಳುತ್ತದೆ. ಕಲ್ಯಾಣದಲ್ಲಿ ಸೋಗು ನಗೆಪಾಟಲಾದರೆ ಇಲ್ಲಿ ಜಾತಿ ಆಗುತ್ತದೆ. ಸಿದ್ದಪ್ಪಾಜಿಯೂ ಆಚಾರಿಗಳ ಮನೆಯಲ್ಲೇ ಹುಟ್ಟಿದವರು ಎಂಬ ಎಳೆಯನ್ನು ಹಾಡುಗಾರ ಬಿಡದೆ ಹಿಡಿದರೆ ಅದರ ಕಹಿ ಕಳೆಯುತ್ತದೆ. ಕಥೆಯನ್ನು ಚುಟುಕಾಗಿಸಿದಾಗ ಮೊದಲು ಉದುರುವುದು ಇಂಥ ಎಳೆಗಳೇ.

ಹಾಡಿಗೆ ಬರದ ತಡೆ ಊಟಕ್ಕೆ ಬಂದಿದೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಇದೇ ಪರಂಪರೆಯ ಒಕ್ಕಲುಗಳು ಮಾಂಸದಡುಗೆ ಮಾಡಿ ಜಾತಿಭೇದವಿಲ್ಲದೆ ಉಣ್ಣುವುದಕ್ಕೆ ಪಂಕ್ತಿಸೇವೆ ಎಂದು ಹೆಸರು. 1959ರ ಪ್ರಾಣಿಬಲಿ ತಡೆ ಕಾಯ್ದೆ ಹಿಡಿದು ಆಡಳಿತ ಅಡ್ಡ ನಿಂತಾಗ ಭಕ್ತರು, ಇದು ಬಲಿಯಲ್ಲ, ಒಟ್ಟಿಗೆ ಉಣ್ಣುವ ಸೇವೆ ಎಂದರು. ಆ ಮಾತು ನನಗೆ ಪೂರಾ ಒಪ್ಪಿಗೆ. ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಹೊತ್ತು ತಂದದ್ದು ಇದೇ ಹೆಂಡ, ಇದೇ ಮಾಂಸ; ಮೂಗು ಮುಚ್ಚಿಕೊಂಡವರು ಆಗಲೂ ಬಾಗಿಲ ಒಳಗಡೆಯೇ ಇದ್ದರು.