ಸರದಿ ಉಂಟು, ಗಡುವು ಎಲ್ಲಿ?

ಕರ್ನಾಟಕದ ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶವನ್ನು ಹೊಗಳುವವರು ಇಪ್ಪತ್ತು ವರ್ಷಗಳಿಂದ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ: ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕು, ನಡುವೆ ನುಗ್ಗಲು ಯಂತ್ರವೇ ಬಿಡುವುದಿಲ್ಲ. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಗಣಕಕ್ಕೆ ಏರಿದ ಕಥೆ ಎಲ್ಲರಿಗೂ ಗೊತ್ತು. ಸುತ್ತೋಲೆಯ ನಿಯಮವೊಂದು ಕೋಡಿನ ಸಾಲಾದದ್ದು ಸಣ್ಣ ಸಾಧನೆಯಲ್ಲ. ಆದರೂ ಆ ಸಾಲಿಗೆ ಸಂದ ಕೀರ್ತಿ ಅದರ ಯೋಗ್ಯತೆಗಿಂತ ಹೆಚ್ಚು.

ಯಾರು ಮುಂದೆ, ಯಾರು ಹಿಂದೆ ಎಂಬುದಷ್ಟೇ ಸರದಿಗೆ ಗೊತ್ತು. ಯಾವಾಗ ಎಂಬುದು ಗೊತ್ತಿಲ್ಲ. ಹುಲಿಕಲ್, ಆಗುಂಬೆ ಕಡೆಯ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟ ದಿನ ಬೆಳೆಸಾಲಕ್ಕೆ ಪಹಣಿ ಬೇಕೆಂದು ಬಸ್ಸು ಹಿಡಿದು ಬಂದವರಿಗೆ ಸಿಗುವ ಉತ್ತರ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ನಾನೂ ಈ ಉತ್ತರ ಕೇಳಿಸಿಕೊಂಡು ವಾಪಸು ಬಂದವನು. ಆ ‘ನಾಳೆ’ಯನ್ನು ಯಾವ ಕೋಡೂ ಅಳೆಯುತ್ತಿರಲಿಲ್ಲ.

ಕೆಟ್ಟ ಯಂತ್ರ ಎಷ್ಟು ಹೊತ್ತಿನೊಳಗೆ ಏಳಬೇಕು, ಎದ್ದಾಗ ಎಷ್ಟು ಹೊತ್ತಿನ ದಾಖಲೆ ಹೋಗಿದ್ದರೆ ಸಹಿಸಬಹುದು? ವಿಪತ್ತಿನಿಂದ ಚೇತರಿಸಿಕೊಳ್ಳುವ ಲೆಕ್ಕವೆಲ್ಲ ಈ ಎರಡು ಅಂಕಿಗಳಲ್ಲಿದೆ. ಎರಡನೆಯದು ಬರೀ ತಂತ್ರಜ್ಞರ ತಲೆನೋವು ಎಂದುಕೊಳ್ಳುತ್ತೇವೆ. ಹಾಗಲ್ಲ. ಬೆಳಿಗ್ಗೆ 10ಕ್ಕೆ ದಾಖಲೆಯ ಪ್ರತಿ ತೆಗೆದಿದ್ದಾರೆ, ಸಂಜೆ 4ಕ್ಕೆ ಯಂತ್ರ ಬಿತ್ತು ಎನ್ನೋಣ. ಬೆಳಗಿನ ಪ್ರತಿಯಿಂದ ಮತ್ತೆ ಎಬ್ಬಿಸಿದರೆ ನಡುವಿನ ಆರು ಗಂಟೆಯಲ್ಲಿ ಅರ್ಜಿ ಕೊಟ್ಟವರು ಸಾಲಿನಲ್ಲೇ ಇಲ್ಲ. ಮರುದಿನ ಬಂದವನು ಅವರಿಗಿಂತ ಮುಂದಾದ. ಯಂತ್ರ ಯಾರಿಗೂ ದಾಕ್ಷಿಣ್ಯ ತೋರಲಿಲ್ಲ, ಲಂಚ ಮುಟ್ಟಲಿಲ್ಲ. ತನಗೆ ನೆನಪಿರುವ ಸಾಲನ್ನು ಅಕ್ಷರಶಃ ಪಾಲಿಸಿತು. ಅನ್ಯಾಯ ಮಾತ್ರ ಆಗಿಹೋಯಿತು. ನೆನಪಿನ ಮಿತಿಯನ್ನು ಬರೆದಿಡದ ಕೋಡಿನಲ್ಲಿ ಸರದಿಯ ನಿಯಮವೂ ಅರ್ಧ ಮಾತ್ರ ಬರೆದಂತೆ. ಹೊಗಳಿದವರಲ್ಲಿ ಈ ಪ್ರಶ್ನೆ ಎತ್ತಿದವರನ್ನು ನಾನು ಓದಿಲ್ಲ.

ತೆಗಳಿದವರೂ ಎತ್ತಲಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಪ್ರಬಂಧ ‘ಭೂಮಿ’ಯ ಮೇಲಿನ ಅತ್ಯಂತ ಖಾರವಾದ ಟೀಕೆ. ದಾಖಲೆ ಹಳ್ಳಿಯಿಂದ ಮೇಲಿನ ಕಚೇರಿಗೆ ಸರಿದಂತೆ ಲಂಚವೂ ಮೇಲಕ್ಕೆ ಸರಿಯಿತು, ಲಾಭ ದೊಡ್ಡ ಬಂಡವಾಳದವರಿಗಾಯಿತು ಎಂಬ ಅವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರ ಕಣ್ಣೆದುರಿಗಿದ್ದದ್ದು ಬೆಂಗಳೂರಿನ ಜಮೀನಿನ ಪೇಟೆ. ಮಲೆನಾಡಿನ ಸಂಕಟ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿತು. ಸಾಗರ, ಹೊಸನಗರದ ಮುಳುಗಡೆ ಕುಟುಂಬಗಳಲ್ಲಿ ಹಕ್ಕುಪತ್ರಕ್ಕೆ ಇಂದಿಗೂ ಕಾಯುತ್ತಿರುವವರಿದ್ದಾರೆ. ಚೇತರಿಕೆಗೆ ಗಡುವೇ ಇಲ್ಲದಿದ್ದರೆ ಏನಾಗುತ್ತದೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಅಧಿಕಾರ ಯಾರ ಕೈಗೆ ಹೋಯಿತೆಂದು ಹುಡುಕುವ ವಿಮರ್ಶಕರು ಕಾಲ ಯಾರದ್ದು ಹೋಯಿತೆಂದೂ ಕೇಳಬೇಕಿತ್ತು.

ಆ ಪ್ರಶ್ನೆಯನ್ನು ನಿಜವಾಗಿ ಕೇಳಿದ್ದು, ‘ಭೂಮಿ’ಯ ಅರ್ಧದಷ್ಟೂ ಹೆಸರು ಪಡೆಯದ ‘ಸಕಾಲ’. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಜಾರಿ. ಅರ್ಜಿಗೊಂದು ಸಂಖ್ಯೆ, ಸಂಖ್ಯೆಗೊಂದು ಗಡುವು. ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ಹೊಣೆ ಹೊತ್ತ ಅಧಿಕಾರಿಯಿಂದ ವಸೂಲಿ. ಮೊತ್ತ ಚಿಕ್ಕದೆಂದು ಮೂಗು ಮುರಿದವರು ಇದರ ಹೆಚ್ಚುಗಾರಿಕೆಯನ್ನೇ ಕಾಣಲಿಲ್ಲ. ಕಾಲವನ್ನು ಎಣಿಸುವ, ಎಣಿಕೆಗೆ ಬೆಲೆ ಕಟ್ಟುವ ನೀತಿ ಇಲ್ಲಿ ಕೋಡಾಗಿದೆ. ಕೊರತೆ ಒಂದೇ: ಆ ಗಡಿಯಾರ ಅಧಿಕಾರಿಯ ಮೇಜಿನ ಮೇಲಿದೆ, ಸರ್ವರಿನ ಮೇಲಿಲ್ಲ. ಯಂತ್ರ ಮಲಗಿದ ದಿನಕ್ಕೆ 20 ರೂಪಾಯಿ ಕೊಡಬೇಕಾದವರು ಯಾರು?

ಸರ್ವರಿನ ಮೇಲೂ ಗಡಿಯಾರ ಇಡಬಹುದು ಎಂಬುದಕ್ಕೆ ಷೇರುಪೇಟೆಯೇ ಸಾಕ್ಷಿ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತು. ಮುಂದಿನ ತಿಂಗಳೇ ಷೇರುಪೇಟೆಯ ನಿಯಂತ್ರಕ ಸೆಬಿ ಗಡುವು ಬಿಗಿ ಮಾಡಿತು: ವಿಪತ್ತು ಘೋಷಿಸಿದ 45 ನಿಮಿಷದೊಳಗೆ ಏಳಬೇಕು, ಕಳೆದುಹೋಗುವ ದಾಖಲೆ ಸೊನ್ನೆಗೆ ಹತ್ತಿರವಿರಬೇಕು. ಅಂಥ ಎರಡು ಅಂಕಿ ಬರೆದ ಫಲಕವನ್ನು ಪಹಣಿ ಕೌಂಟರಿನ ಮುಂದೆ ನಾನು ಕಂಡಿಲ್ಲ. ‘ಸಕಾಲ’ದ ಸ್ವೀಕೃತಿ ಚೀಟಿಯಲ್ಲಿ ಗಡುವಿನ ದಿನಾಂಕದ ಕೆಳಗೆ ಅವಕ್ಕೆ ಜಾಗ ಸಾಕಷ್ಟಿದೆ.